ಅಕ್ಷರಾಲಂಕಾರ: ಕಲ್ಯದ ಶಿಲೆಯಿಂದ ಗಣಕಯಂತ್ರದ ತೆರೆಯವರೆಗೆ

ಅಕ್ಷರವೆಂಬ ಶಬ್ದಕ್ಕೆ ನಾಶವಿಲ್ಲದುದು ಎಂದು ಅರ್ಥ ಹೇಳುವುದು ವಾಡಿಕೆ. ಆದರೆ ಬಾಯಿಂದ ಹೊರಟ ನುಡಿ ಅಳಿಯದೆ ಉಳಿಯಬೇಕಾದರೆ ಅದಕ್ಕೊಂದು ರೂಪ ಬೇಕು; ಆ ರೂಪವು ಓದುವವನ ಕಣ್ಣಿಗೆ ಸಂದೇಹವಿಲ್ಲದಂತೆ ಕಾಣಬೇಕು. ರೂಪಕ್ಕೆ ಚೆಲುವನ್ನು ಕೂಡಿಸುವುದು ಅಲಂಕಾರ. ಚೆಲುವಿನ ಭರದಲ್ಲಿ ರೂಪವೇ ಕೆಟ್ಟರೆ ಅದು ಅಲಂಕಾರವಲ್ಲ, ವಿಕಾರ. ಗಣಕಯಂತ್ರದ ತಂತ್ರಾಂಶಗಳು ಇಂದು ಯಾರ ಕೈಗೂ ಎಟುಕುವಂತಾಗಿ, ಶಾಲೆಯ ನಾಮಫಲಕ, ಆಹ್ವಾನಪತ್ರಿಕೆ, ದಾನಿಗಳ ಹೆಸರಿನ ಶಿಲಾಫಲಕ, ಸ್ಮರಣಸಂಚಿಕೆಯ ಮುಖಪುಟ ಇವೆಲ್ಲವೂ ಅವುಗಳ ಮೂಲಕವೇ ಸಿದ್ಧವಾಗುತ್ತಿರುವ ಈ ಕಾಲದಲ್ಲಿ, ಕನ್ನಡ ಅಕ್ಷರವನ್ನು ಅಲಂಕರಿಸುವ ಕ್ರಮವೇನು, ಅದರ ಮಿತಿಯೇನು ಎಂಬುದನ್ನು ತಿಳಿಯುವುದು ಅವಶ್ಯಕವಾಗಿದೆ.

ಕಲ್ಯದ ಶಾಸನ

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮವು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದ ಸ್ಥಳ. ವಿಜಯನಗರದ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಪ್ರಸಿದ್ಧ ಶಾಸನವೊಂದು ಇಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವ್ಯಾಜ್ಯವನ್ನು ಅರಸನು ತೀರ್ಮಾನಿಸಿ, ಉಭಯರ ನಡುವೆ ಭೇದವಿಲ್ಲವೆಂದು ಸಾರಿದ ಆ ಒಪ್ಪಂದವು ಇದೇ ವಿಷಯದ ಶ್ರವಣಬೆಳಗೊಳದ ಶಾಸನದಲ್ಲಿಯೂ ಉಂಟು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಕಲ್ಯದ ಪಾಠ ಸೇರಿದೆ.

ಒಂದೇ ಒಪ್ಪಂದ ಎರಡು ಊರುಗಳಲ್ಲಿ, ಎರಡು ಬಂಡೆಗಳ ಮೇಲೆ ನಿಂತಿದೆ ಎಂಬ ಸಂಗತಿ ಪ್ರಸ್ತುತ ವಿಷಯಕ್ಕೆ ಬಹು ಮುಖ್ಯವಾದುದು. ಕಲ್ಲು ಬೇರೆ, ಉಳಿ ಹಿಡಿದ ಕೈ ಬೇರೆ. ಆದರೆ ಸಾರಬೇಕಾದ ಮಾತು ಒಂದೇ. ಬರಹದ ಪಾಠ ಒಂದು, ಅದು ತೊಡುವ ವೇಷ ಇನ್ನೊಂದು. ವೇಷ ಎಷ್ಟೇ ಬದಲಾದರೂ ಪಾಠ ಕೆಡಬಾರದೆಂಬ ನಿಯಮವನ್ನು ಶಿಲ್ಪಿಗಳು ಪಾಲಿಸಿದ್ದರಿಂದಲೇ ಆರು ಶತಮಾನಗಳಿಗೂ ಮೀರಿದ ಆ ತೀರ್ಪನ್ನು ವಿದ್ವಾಂಸರು ಓದಬಲ್ಲವರಾದರು. ಗಣಕಯಂತ್ರದ ಅಕ್ಷರಾಲಂಕಾರಕ್ಕೂ ಇದೇ ಮೂಲಸೂತ್ರ.

ಉಳಿ, ಕಲ್ಲಚ್ಚು, ಮೊಳೆ

ಶಿಲೆಯಲ್ಲಿ ತಗ್ಗಾಗಿ ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ಅದು ಕಾಣುವುದು ನೆರಳಿನಿಂದ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೀರಿನ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ಕಪ್ಪಾಗುತ್ತದೆ. ನಡುಹಗಲಿನಲ್ಲಿ ಅದೇ ಅಕ್ಷರ ಮಸುಕಾಗುತ್ತದೆ. ತಂತ್ರಾಂಶಗಳಲ್ಲಿ ‘ಬೆವೆಲ್’, ‘ಎಂಬಾಸ್’ ಎಂಬ ಹೆಸರಿನಿಂದ ದೊರೆಯುವ ಉಬ್ಬು-ತಗ್ಗಿನ ಪರಿಣಾಮವು ಈ ಓರೆ ಬಿಸಿಲಿನ ಅನುಕರಣೆಯೇ ಹೊರತು ಬೇರೆಯಲ್ಲ. ಶಾಸನದ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿಯನ್ನು ತಟ್ಟಿ ಪಡಿಯಚ್ಚು ತೆಗೆದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇಂದಿನ ಮುಖಪುಟಗಳಲ್ಲಿ ಕಾಣುವ ಗಾಢ ನೆಲದ ಬಿಳಿ ಅಕ್ಷರಕ್ಕೆ ಇದು ಪೂರ್ವರೂಪ. ಹೊಯ್ಸಳರ ಕಾಲದ ಕೆಲವು ಶಾಸನಗಳಲ್ಲಿ ಮೊದಲ ಸಾಲಿನ ಅಕ್ಷರಗಳ ತಲೆಯನ್ನು ಮೇಲಕ್ಕೆಳೆದು ಬಳ್ಳಿಯಂತೆ ಅಲಂಕರಿಸಿರುವುದೂ ಉಂಟು. ಮೇಲೆ ಬಯಲಿರುವ ಕಡೆ ಅಲಂಕಾರ, ಸಾಲುಗಳು ಒತ್ತೊತ್ತಾಗಿರುವ ಕಡೆ ಸರಳತೆ ಎಂಬ ಅವರ ವಿವೇಕ ಇಂದಿಗೂ ಅನುಸರಣೀಯವಾಗಿದೆ.

ಕನ್ನಡವು ಅಚ್ಚಿಗೆ ಬಂದಾಗ ಇದೇ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಮೊಳೆಗಳಿಂದ ಮುದ್ರಣವಾಯಿತು. 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಪತ್ರಿಕೆಯಾದರೋ ಕಲ್ಲಚ್ಚಿನಲ್ಲಿ ಹೊರಬಂದಿತು. ಕಲ್ಲಚ್ಚಿನಲ್ಲಿ ಬರೆಹಗಾರನ ಕೈ ಸ್ವತಂತ್ರ. ಮೊಳೆಯ ಅಚ್ಚಿನಲ್ಲಿ ಪ್ರತಿಯೊಂದು ಅಕ್ಷರಭಾಗಕ್ಕೂ ಒಂದು ಸೀಸದ ತುಂಡು ಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಮತ್ತು ಸಣ್ಣ ರೂಪಗಳು ಸಾಕಾದರೆ, ಕನ್ನಡಕ್ಕೆ ಕಾಗುಣಿತದ ರೂಪಗಳು ಮತ್ತು ಒತ್ತುಗಳು ಸೇರಿ ನೂರಾರು ಮೊಳೆಗಳು ಬೇಕಾದವು. ಶೀರ್ಷಿಕೆಗೆ ವಿಶೇಷ ಶೋಭೆ ಬೇಕೆನಿಸಿದಾಗ ಕಲಾವಿದನು ಕೈಯಿಂದ ಬರೆದು, ಅದರ ಬ್ಲಾಕ್ ಮಾಡಿಸುವುದು ಮುದ್ರಣಾಲಯಗಳ ಪದ್ಧತಿಯಾಗಿತ್ತು. ಹಾಗೆ ಬರೆಯುವವನು ಅಕ್ಷರವನ್ನು ಚೆನ್ನಾಗಿ ಬಲ್ಲವನಾಗಿದ್ದುದರಿಂದ ಯಾವ ಗೆರೆಯನ್ನು ಹಿಗ್ಗಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಅವನಿಗೆ ತಿಳಿದಿತ್ತು. ಯಂತ್ರಕ್ಕೆ ಆ ತಿಳಿವಳಿಕೆಯಿಲ್ಲ. ಅದನ್ನು ಯಂತ್ರ ನಡೆಸುವವನೇ ತರಬೇಕು.

ಯಂತ್ರದೊಳಗಿನ ಕನ್ನಡ

‘ಕಲ್ಯ’ ಎಂಬ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಣ್ಣಿಗೂ ನಾಲಗೆಗೂ ಇದರಲ್ಲಿ ಎರಡೇ ಅಕ್ಷರಗಳು: ‘ಕ’ ಮತ್ತು ‘ಲ್ಯ’. ಯೂನಿಕೋಡ್ ಕ್ರಮದಲ್ಲಿ ಗಣಕಯಂತ್ರವು ಇದನ್ನು ನಾಲ್ಕು ಸಂಕೇತಗಳಾಗಿ ನೆನಪಿಡುತ್ತದೆ: ಕ, ಲ, ಹಲಂತದ ಗುರುತು, ಯ. ಈ ನಾಲ್ಕನ್ನು ಕೂಡಿಸಿ, ‘ಲ’ದ ಮಗ್ಗುಲಲ್ಲಿ ಯಕಾರದ ಒತ್ತನ್ನು ಕೂರಿಸುವ ಕೆಲಸ ಅಕ್ಷರಶೈಲಿಗೂ ತಂತ್ರಾಂಶಕ್ಕೂ ಸೇರಿದ್ದು. ‘ಕಾರ್ಯ’ ಎಂಬಲ್ಲಿ ಇನ್ನೂ ಒಂದು ತೊಡಕುಂಟು: ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರವು ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಯಕಾರದ ಅನಂತರ ನಿಲ್ಲುತ್ತದೆ. ಈ ಜೋಡಣೆಯನ್ನು ಅರಿಯದ ತಂತ್ರಾಂಶದಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಚೆದುರುತ್ತವೆ.

ಕನ್ನಡಕ್ಕೆ 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ ಮುದ್ರಣಾಲಯಗಳು ಬಹುಕಾಲ ಹಳೆಯ ಕ್ರಮವನ್ನೇ ಅನುಸರಿಸಿದವು. ಆ ಕ್ರಮದಲ್ಲಿ ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಇರಿಸಲಾಗುತ್ತಿತ್ತು. 1998ರಲ್ಲಿ ಬಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳಿಂದ ಕನ್ನಡ ಬೆರಳಚ್ಚು ಮನೆಮನೆಗೂ ತಲುಪಿತು. ಆದರೆ ಹಳೆಯ ಕ್ರಮದ ಕಡತದಲ್ಲಿ ಅಕ್ಷರಶೈಲಿಯನ್ನು ಬದಲಿಸಿದೊಡನೆ ಕನ್ನಡ ಮಾಯವಾಗಿ, ಅರ್ಥವಿಲ್ಲದ ಲ್ಯಾಟಿನ್ ಗುರುತುಗಳು ಕಾಣಿಸುತ್ತವೆ. ಪಾಠವೂ ವೇಷವೂ ಅಲ್ಲಿ ಬೇರ್ಪಡದಂತೆ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಯೂನಿಕೋಡ್‌ನಲ್ಲಿ ಅವೆರಡೂ ಬೇರೆಬೇರೆ. ನೋಟೊ, ತುಂಗಾ, ಬಾಲೂ ತಮ್ಮ ಮೊದಲಾದ ಯಾವ ಶೈಲಿಯನ್ನು ತೊಡಿಸಿದರೂ ಪಾಠ ಹಾಗೆಯೇ ಉಳಿಯುತ್ತದೆ.

ವಿನ್ಯಾಸಕ್ಕೆ ಬಳಸುವ ತಂತ್ರಾಂಶಗಳು ಎರಡು ಬಗೆ. ರೇಖೆಗಳ ಗಣಿತದಿಂದ ಆಕಾರವನ್ನು ನಿರೂಪಿಸುವ ಕೋರೆಲ್‌ಡ್ರಾ, ಇಂಕ್‌ಸ್ಕೇಪ್ ಮೊದಲಾದವು ಒಂದು ಬಗೆ. ಚುಕ್ಕಿಗಳಿಂದ ಚಿತ್ರವನ್ನು ಕಟ್ಟುವ ಫೋಟೋಶಾಪ್, ಗಿಂಪ್ ಮೊದಲಾದವು ಇನ್ನೊಂದು ಬಗೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಿರುವುದು ಮೊದಲನೆಯದರ ಗುಣ. ಆದ್ದರಿಂದ ನಾಮಫಲಕಕ್ಕೂ ಲಾಂಛನಕ್ಕೂ ಅದೇ ಯೋಗ್ಯ. ಎರಡನೆಯದರಲ್ಲಿ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿಗಳಷ್ಟಾದರೂ ಸಾಂದ್ರತೆಯಿರಬೇಕು. ಫೋಟೋಶಾಪ್ ಮತ್ತು ಇನ್‌ಡಿಸೈನ್‌ಗಳ ಹಲವು ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ’ ಎಂಬ ಜೋಡಣಾಕ್ರಮವನ್ನು ಆರಿಸದಿದ್ದರೆ ಕನ್ನಡದ ಒತ್ತುಗಳು ಸರಿಯಾಗಿ ಕೂಡುವುದಿಲ್ಲ. ಅಲಂಕಾರಕ್ಕೆ ತೊಡಗುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಅಲಂಕಾರದ ಪಂಚವಿಧಾನಗಳು

ಮೊದಲನೆಯದು ಹೊರಗೆರೆ. ಕನ್ನಡದ ಗುಣಿತಾಕ್ಷರವು ಹಲವೊಮ್ಮೆ ಒಂದರ ಮೇಲೊಂದು ಹೊರಳಿದ ತುಂಡುಗಳಿಂದಾದುದು. ಅದಕ್ಕೆ ನೇರವಾಗಿ ಹೊರಗೆರೆ ಹಾಕಿದರೆ ತುಂಡುಗಳು ಕೂಡುವ ಒಳಭಾಗದಲ್ಲಿಯೂ ಗೆರೆ ಮೂಡಿ ಅಕ್ಷರ ಬಿರುಕು ಬಿಟ್ಟಂತೆ ತೋರುತ್ತದೆ. ಪಠ್ಯವನ್ನು ಮೊದಲು ವಕ್ರರೇಖೆಗಳಾಗಿ ಪರಿವರ್ತಿಸಿ, ಬಳಿಕ ಕೋರೆಲ್‌ಡ್ರಾದಲ್ಲಿ ‘ವೆಲ್ಡ್’, ಇಂಕ್‌ಸ್ಕೇಪ್‌ನಲ್ಲಿ ‘ಯೂನಿಯನ್’ ಎಂಬ ಆಜ್ಞೆಯಿಂದ ತುಂಡುಗಳನ್ನು ಬೆಸೆದು, ಆಮೇಲೆ ಗೆರೆ ಹಾಕುವುದು ಸರಿಯಾದ ಕ್ರಮ. ಗೆರೆಯ ಅರ್ಧ ದಪ್ಪವು ಅಕ್ಷರದ ಒಳಕ್ಕೆ ನುಗ್ಗುವುದರಿಂದ ಅದನ್ನು ಬಣ್ಣದ ಹಿಂಬದಿಗೆ ಸರಿಸಬೇಕು.

ಎರಡನೆಯದು ನೆರಳು. ಬೆಳಕು ಎಡ ಮೇಲ್ಗಡೆಯಿಂದ ಬೀಳುವಂತೆ ಭಾವಿಸಿ ನೆರಳನ್ನು ಬಲ ಕೆಳಗಡೆಗೆ ಚಾಚುವುದು ರೂಢಿ. ಕನ್ನಡದ ಒತ್ತುಗಳು ಕುಳಿತಿರುವುದೂ ಅದೇ ಬಲ ಕೆಳಭಾಗದಲ್ಲಿ. ಹೀಗಾಗಿ ಮುಖ್ಯಾಕ್ಷರದ ನೆರಳು ಒತ್ತಿನ ಮೇಲೆಯೇ ಬೀಳುತ್ತದೆ. ನೆರಳಿನ ದೂರವನ್ನು ಕಿರಿದಾಗಿಸುವುದು, ಒತ್ತುಗಳು ಹೆಚ್ಚಿರುವಲ್ಲಿ ನೆರಳನ್ನು ಎಡಕ್ಕೆ ತಿರುಗಿಸುವುದು, ಸಾಲುಗಳ ನಡುವೆ ಹೆಚ್ಚು ತೆರಪು ಬಿಡುವುದು ಇದಕ್ಕೆ ಪರಿಹಾರ.

ಮೂರನೆಯದು ಉಬ್ಬು-ತಗ್ಗು. ದಪ್ಪ ಗೆರೆಯ ದೊಡ್ಡ ಅಕ್ಷರಕ್ಕೆ ಮಾತ್ರ ಇದು ಒಪ್ಪುತ್ತದೆ. ಸಣ್ಣ ಅಕ್ಷರದಲ್ಲಿ ಬೆಳಕಿನ ಅಂಚೂ ನೆರಳಿನ ಅಂಚೂ ಪರಸ್ಪರ ತಾಗಿ ಗೆರೆಯೇ ಕರಗಿಹೋಗುತ್ತದೆ. ಒಂದೇ ಪುಟದ ಎಲ್ಲ ಅಕ್ಷರಗಳಿಗೂ ಬೆಳಕು ಒಂದೇ ದಿಕ್ಕಿನಿಂದ ಬರಬೇಕು. ಒಂದು ಬಂಡೆಗೆ ಎರಡು ಸೂರ್ಯರಿಲ್ಲ.

ನಾಲ್ಕನೆಯದು ವರ್ಣಛಾಯೆ. ಬಂಗಾರದ ಬಣ್ಣವು ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ, ಗಾಢವಾಗುತ್ತ ಹೋಗುವ ಛಾಯೆಯನ್ನು ಆಹ್ವಾನಪತ್ರಿಕೆಗಳಲ್ಲಿ ವಿಶೇಷವಾಗಿ ಕಾಣಬಹುದಾಗಿದೆ. ತಿಳಿಯಾದ ತುದಿ ತಲೆಕಟ್ಟಿನ ಮೇಲೆ ಬಿದ್ದರೆ ತಲೆಕಟ್ಟು ಅಳಿದಂತಾಗುತ್ತದೆ; ಕೆಳತುದಿಯಲ್ಲಿ ಬಿದ್ದರೆ ಒತ್ತು ಮರೆಯಾಗುತ್ತದೆ. ತಿಳಿ ಬಣ್ಣ ಅಕ್ಷರದ ನಡುಭಾಗದಲ್ಲಿರುವುದು ಲೇಸು. ತುಂಡುಗಳನ್ನು ಬೆಸೆಯದೆ ಛಾಯೆ ತುಂಬಿದರೆ ಪ್ರತಿ ತುಂಡಿಗೂ ಪ್ರತ್ಯೇಕ ಛಾಯೆ ಬಂದು ಒಂದೇ ಅಕ್ಷರ ಹಲವಾಗಿ ತೋರುತ್ತದೆಂಬುದೂ ಗಮನಾರ್ಹ.

ಐದನೆಯದು ಕಮಾನು. ಶಾಲೆಯ ಮುದ್ರೆಯಲ್ಲಿ ಹೆಸರು ವೃತ್ತಾಕಾರವಾಗಿ ಸುತ್ತುವುದು ಪರಿಚಿತ ವಿನ್ಯಾಸ. ವೃತ್ತದ ಮೇಲ್ಭಾಗದಲ್ಲಿ ಅಕ್ಷರಗಳ ತಲೆ ಅಗಲುತ್ತವೆ, ಬುಡ ಸಮೀಪಿಸುತ್ತವೆ; ಒತ್ತುಗಳು ಒಂದಕ್ಕೊಂದು ತಾಗುತ್ತವೆ. ನೆಟ್ಟಗೆ ಓದುವಂತೆ ಕೆಳಭಾಗದಲ್ಲಿ ಬರೆದಾಗ ಇದು ವಿಪರ್ಯಾಸವಾಗಿ, ತಲೆಕಟ್ಟುಗಳು ಇಕ್ಕಟ್ಟಾಗುತ್ತವೆ. ಆದ್ದರಿಂದ ಒತ್ತುಗಳು ಹೆಚ್ಚಿರುವ ಪದಗಳನ್ನು ಕೆಳಭಾಗಕ್ಕೂ, ಸರಳ ಪದಗಳನ್ನು ಮೇಲ್ಭಾಗಕ್ಕೂ ಇಡುವುದು ಉಚಿತ. ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸುವಾಗ ‘ಲ್ಯ’, ‘ಶ್ರೀ’ ಇಂಥವು ಅಖಂಡವಾಗಿ ಉಳಿದಿವೆಯೇ ಎಂದು ನೋಡತಕ್ಕದ್ದು.

ಮಠ ಮರವಾಗದಿರಲಿ

ಕನ್ನಡದಲ್ಲಿ ಒಂದು ಬಿಂದು, ಒಂದು ಸೀಳು ಅರ್ಥವನ್ನೇ ಪಲ್ಲಟಗೊಳಿಸುತ್ತದೆ. ‘ಠ’ಕಾರದ ನಡುವಿನ ಬಿಂದು ಮುಚ್ಚಿಹೋದರೆ ಅದು ‘ರ’ಕಾರವಾಗಿ, ‘ಮಠ’ ಎಂಬುದು ‘ಮರ’ವಾಗುತ್ತದೆ. ‘ಧ’ಕಾರದ ಸೀಳು ದಪ್ಪ ಹೊರಗೆರೆಯಲ್ಲಿ ತುಂಬಿಹೋದರೆ ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ. ಮಕ್ಕಳು ‘ಹೊಟ್ಟೆ ಸೀಳಿದ ಷ’ ಎಂದು ಕಲಿಯುವ ಅಕ್ಷರದ ಒಳಗೆರೆ ಮಸುಕಾದರೆ ಉಳಿಯುವುದು ‘ಪ’ಕಾರ ಮಾತ್ರ.

ಈ ದೋಷ ಕಾಗದದಲ್ಲಿ ಆದರೆ ಮರುಮುದ್ರಣದಿಂದ ನೀಗೀತು, ಕಲ್ಲಿನಲ್ಲಾದರೆ ನೀಗದು. ಇಂದಿನ ಗ್ರಾನೈಟ್ ಫಲಕಗಳಿಗೆ ಯಂತ್ರದಲ್ಲಿ ಕತ್ತರಿಸಿದ ಅಂಟುಹಾಳೆಯನ್ನು ಹಚ್ಚಿ, ಅಕ್ಷರದ ಭಾಗವನ್ನು ಕಿತ್ತು, ಆ ತೆರಪಿನ ಮೇಲೆ ರಭಸದಿಂದ ಮರಳನ್ನು ಊದಿ ಕೊರೆಯುವ ವಿಧಾನವುಂಟು. ‘ಠ’ಕಾರದ ಬಿಂದುವಿನ ಆ ಪುಟ್ಟ ಚೂರನ್ನು ಕೀಳಲು ಮರೆತರೆ ಕಲ್ಲಿನಲ್ಲಿ ಬಿಂದು ಮೂಡುವುದಿಲ್ಲ. ದಾನಿಯೊಬ್ಬರು ತಮ್ಮ ತಂದೆತಾಯಿಗಳ ಸ್ಮರಣಾರ್ಥ ಕಟ್ಟಿಸಿದ ಕೊಠಡಿಯ ಬಾಗಿಲಲ್ಲಿ ಆ ಹೆಸರೇ ತಪ್ಪಾಗಿ ನಿಂತರೆ ಎಷ್ಟು ಬಂಗಾರದ ಛಾಯೆಯೂ ಅದನ್ನು ಮರೆಸಲಾರದು.

ಶಾಲೆಯಲ್ಲಿ ಅಭ್ಯಾಸಕ್ರಮ

ಈ ವಿದ್ಯೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಕಲಿಸಲು ದುಬಾರಿ ಸಾಧನಗಳು ಬೇಕಿಲ್ಲ. ಇಂಕ್‌ಸ್ಕೇಪ್, ಗಿಂಪ್ ಎರಡೂ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಮೊದಲ ಪಾಠ ಮಾತ್ರ ಯಂತ್ರದ ಮುಂದೆ ಆಗದೆ ಕಾಗದದ ಮೇಲೆ ಆಗಬೇಕು: ವಿದ್ಯಾರ್ಥಿಯು ತನ್ನ ಊರಿನ ಹೆಸರನ್ನು ದಪ್ಪ ಲೇಖನಿಯಿಂದ ಬರೆದು, ಅದರಲ್ಲಿ ತಲೆಕಟ್ಟು ಯಾವುದು, ಒತ್ತು ಯಾವುದು, ಅರ್ಥವನ್ನು ಹೊತ್ತ ಸೀಳು ಯಾವುದು ಎಂಬುದನ್ನು ಗುರುತಿಸಲಿ. ಎರಡನೆಯ ಪಾಠದಲ್ಲಿ ಊರ ಸಮೀಪದ ಶಾಸನವೊಂದನ್ನು ಬೆಳಗಿನಲ್ಲಿಯೂ ನಡುಹಗಲಿನಲ್ಲಿಯೂ ನೋಡಿ ನೆರಳಿನ ವ್ಯತ್ಯಾಸವನ್ನು ದಾಖಲಿಸಲಿ. ಶಾಸನಕ್ಕೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚದಂತೆ ಅಧ್ಯಾಪಕರು ಎಚ್ಚರ ವಹಿಸಲಿ. ಆ ಬಳಿಕವೇ ಯಂತ್ರದಲ್ಲಿ ಒಂದೊಂದು ವಿಧಾನದ ಪ್ರಯೋಗ ನಡೆಯಲಿ.

ಸಿದ್ಧವಾದ ವಿನ್ಯಾಸವನ್ನು ಮೂರು ಬಗೆಯಾಗಿ ಪರೀಕ್ಷಿಸಬಹುದು. ಅದನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡುವುದು. ಹತ್ತು ಹೆಜ್ಜೆ ದೂರದಿಂದ ಓದುವುದು. ವಿಷಯವನ್ನು ಮೊದಲೇ ಅರಿಯದ ಒಬ್ಬರಿಂದ ಗಟ್ಟಿಯಾಗಿ ಓದಿಸುವುದು. ಮೂರನೆಯದೇ ಶ್ರೇಷ್ಠ ಪರೀಕ್ಷೆ. ಬರೆದವನ ಕಣ್ಣು ತಾನು ಬಲ್ಲುದನ್ನೇ ಕಾಣುತ್ತದೆ. ಅಪರಿಚಿತನ ಕಣ್ಣು ಇರುವುದನ್ನು ಕಾಣುತ್ತದೆ. ವಕ್ರರೇಖೆಗಳಾಗಿ ಪರಿವರ್ತಿಸಿದ ಅಕ್ಷರ ಚಿತ್ರವಾಗುವುದರಿಂದ ಅದನ್ನು ತಿದ್ದುವುದೂ ಹುಡುಕುವುದೂ ಸಾಧ್ಯವಿಲ್ಲ. ಆದ್ದರಿಂದ ಯೂನಿಕೋಡ್‌ನಲ್ಲಿರುವ ಮೂಲಪಾಠದ ಪ್ರತಿಯೊಂದನ್ನು ತಪ್ಪದೆ ಕಾಯ್ದಿರಿಸಬೇಕು. ಶಾಲೆಯ ಹಳೆಯ ವಿದ್ಯಾರ್ಥಿಗಳ, ಅಧ್ಯಾಪಕರ, ದಾನಿಗಳ ನಾಮಾವಳಿ ಹೀಗೆ ಉಳಿದಲ್ಲಿ ಮುಂದಿನ ಪೀಳಿಗೆಯು ಬೇಕಾದ ಹೆಸರನ್ನು ಕ್ಷಣಮಾತ್ರದಲ್ಲಿ ಹುಡುಕಿಕೊಳ್ಳಬಲ್ಲುದು.

ಕಲ್ಯದ ಬಂಡೆಯ ಮೇಲೆ ಅಕ್ಷರ ಕೊರೆದ ಶಿಲ್ಪಿಗೆ ತಪ್ಪನ್ನು ಅಳಿಸಿ ಮತ್ತೆ ಬರೆಯುವ ಸೌಕರ್ಯವಿರಲಿಲ್ಲ. ಆದ್ದರಿಂದ ಅವನು ಪ್ರತಿ ಏಟಿಗೂ ಮುನ್ನ ಯೋಚಿಸಬೇಕಾಗಿತ್ತು. ಗಣಕಯಂತ್ರದಲ್ಲಿ ಎಷ್ಟು ಬಾರಿಯಾದರೂ ಅಳಿಸಿ ಬರೆಯುವ ಸೌಕರ್ಯವುಂಟು. ಆ ಸೌಕರ್ಯದ ಜೊತೆಗೆ ಶಿಲ್ಪಿಯ ಎಚ್ಚರವೂ ಕೂಡಿದರೆ ಕನ್ನಡ ಅಕ್ಷರ ಚೆಲುವಾಗಿಯೂ ಸ್ಪಷ್ಟವಾಗಿಯೂ ಉಳಿಯುವುದರಲ್ಲಿ ಸಂದೇಹವಿಲ್ಲ.