ಅವಮೌದರ್ಯ ತಪಸ್ಸು: ಮಿತಾಹಾರದ ಅಭ್ಯಾಸ

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಹೇಳಿರುವ 6 ಬಾಹ್ಯತಪಗಳಲ್ಲಿ ಅನಶನದ ಅನಂತರ ಬರುವುದು ಅವಮೌದರ್ಯ. ಎಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳು ಪೂರ್ಣಾಹಾರವೆಂದು ಶಾಸ್ತ್ರದ ಗಣನೆ. ಅದರಲ್ಲಿ ಒಂದು ತುತ್ತನ್ನು ಬಿಟ್ಟರೂ ಈ ತಪಸ್ಸು ಆರಂಭವಾಯಿತು.

ಅಷ್ಟಮಿ, ಚತುರ್ದಶಿಗಳಂದು ಉಪವಾಸವಿದ್ದು ಪಾರಣೆಯ ದಿನ ಕಂಠಪೂರ್ತಿ ಉಂಡರೆ ಜಿಹ್ವೆಯನ್ನು ಗೆದ್ದಂತಾಗುವುದಿಲ್ಲ. ಆದುದರಿಂದ ಶ್ರಾವಕ ಶ್ರಾವಿಕೆಯರು ಊಟಕ್ಕೆ ಮೊದಲೇ ಪ್ರಮಾಣವನ್ನು ನಿಶ್ಚಯಿಸಿ, ಅಷ್ಟನ್ನೇ ಬಡಿಸಿಕೊಳ್ಳಬೇಕು. ಎಲೆಯಲ್ಲಿ ಅನ್ನವನ್ನು ಬಿಟ್ಟೇಳುವುದು ಅವಮೌದರ್ಯವಲ್ಲ. ಮೌನದಿಂದ, ಚೆನ್ನಾಗಿ ಅಗಿದು ಉಣ್ಣಬೇಕು. ತೃಪ್ತಿಯ ಅರಿವು ಮೂಡಲು ಸುಮಾರು 20 ನಿಮಿಷಗಳು ಬೇಕಾಗುವುದರಿಂದ ಅವಸರದಲ್ಲಿ ಉಣ್ಣುವವನು ಅರಿಯದೆಯೇ ಮಿತಿ ಮೀರುತ್ತಾನೆ. ಸೂರ್ಯಾಸ್ತದೊಳಗೆ ಊಟ ಮುಗಿಯಲಿ. ರೋಗಿಗಳೂ ಗರ್ಭಿಣಿಯರೂ ವೈದ್ಯರ ಸಲಹೆಯಂತೆ ನಡೆಯಲಿ. ಉಳಿದವರು ಇಂದಿನ ಊಟದಲ್ಲಿಯೇ ಒಂದು ತುತ್ತನ್ನು ತ್ಯಜಿಸಿ ಈ ಅಭ್ಯಾಸವನ್ನು ತೊಡಗಬಹುದು.