ರಿಚ್ಸ್: ಒಂದು ಅಂಗಡಿ ಕಲಿತ ಪಾಠ



ಪ್ರಥಮ ಪಿಯುಸಿ ತರಗತಿಯಲ್ಲಿ ಚಿಲ್ಲರೆ ವ್ಯಾಪಾರದ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, "ಸರ್, ಡಿಪಾರ್ಟ್‌ಮೆಂಟಲ್ ಸ್ಟೋರ್‌ಗೂ ಮಾಲ್‌ಗೂ ಏನು ವ್ಯತ್ಯಾಸ?" ಎಂದು ಕೇಳಿದಳು. ಮಾಲ್‌ನಲ್ಲಿ ಅಂಗಡಿಗಳೂ ಹಲವು, ಮಾಲೀಕರೂ ಹಲವರು. ಡಿಪಾರ್ಟ್‌ಮೆಂಟಲ್ ಸ್ಟೋರ್‌ನಲ್ಲಿ ವಿಭಾಗಗಳು ಹಲವು, ಆಡಳಿತ ಒಂದೇ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ವಿಷಯ ಬಂದಾಗಲೆಲ್ಲ ನನಗೆ ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದ 'ರಿಚ್ಸ್' ನೆನಪಾಗುತ್ತದೆ. ಅದರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಅಟ್ಲಾಂಟಾದ ಬಹುಭಾಗ ಸುಟ್ಟುಹೋಗಿತ್ತು. ಊರು ಮತ್ತೆ ಕಟ್ಟಿಕೊಳ್ಳುತ್ತಿದ್ದ 1867ರಲ್ಲಿ, ಹಂಗೇರಿಯಿಂದ ವಲಸೆ ಬಂದ ಮಾರಿಸ್ ರಿಚ್ ಎಂಬ ಯಹೂದಿ ಯುವಕ ಅಣ್ಣನಿಂದ 500 ಡಾಲರ್ ಸಾಲ ಪಡೆದು ಅಲ್ಲೊಂದು ಬಟ್ಟೆ ಅಂಗಡಿ ತೆರೆದ. 1924ರ ಹೊತ್ತಿಗೆ ಅದು ನಗರದ ನಡುವೆ ಬಹುಮಹಡಿ ಕಟ್ಟಡವಾಗಿ ಬೆಳೆದಿತ್ತು.

ಈ ಬೆಳವಣಿಗೆಗೆ ಕಾರಣ ಸರಕು ಮಾತ್ರವಲ್ಲ, ವಿಶ್ವಾಸ. ಕೊಂಡ ವಸ್ತು ಹಿಡಿಸದಿದ್ದರೆ ತಕರಾರಿಲ್ಲದೆ ವಾಪಸ್ ಪಡೆಯುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ನಗರಾಡಳಿತದ ಬಳಿ ಶಿಕ್ಷಕರ ಸಂಬಳಕ್ಕೆ ಹಣವಿರಲಿಲ್ಲ. ಬದಲಿಗೆ ಚೀಟಿ ಕೊಟ್ಟಿತು. ಆ ಚೀಟಿಗಳಿಗೆ ರಿಚ್ಸ್ ಪೂರ್ಣ ಮೌಲ್ಯದ ನಗದು ಕೊಟ್ಟಿತು, ಏನನ್ನಾದರೂ ಕೊಳ್ಳಲೇಬೇಕೆಂಬ ಷರತ್ತನ್ನೂ ಹಾಕಲಿಲ್ಲ. ಲೆಕ್ಕಶಾಸ್ತ್ರದಲ್ಲಿ ನಾವು ಓದುವ 'ಗುಡ್‌ವಿಲ್' ಹುಟ್ಟುವುದು ಹೀಗೆ.

ಆದರೆ ಈ ವಿಶ್ವಾಸಕ್ಕೆ ಒಂದು ಮಿತಿ ಇತ್ತು. ಕಪ್ಪು ಜನರು ರಿಚ್ಸ್‌ನಲ್ಲಿ ಬಟ್ಟೆ ಕೊಳ್ಳಬಹುದಿತ್ತು, ಸಾಲದ ಖಾತೆಯನ್ನೂ ತೆರೆಯಬಹುದಿತ್ತು. ಅದೇ ಅಂಗಡಿಯ 'ಮ್ಯಾಗ್ನೋಲಿಯಾ ರೂಮ್' ಎಂಬ ಉಪಾಹಾರ ಗೃಹದಲ್ಲಿ ಮಾತ್ರ ಬಿಳಿಯರ ಜೊತೆ ಕುಳಿತು ಊಟ ಮಾಡುವಂತಿರಲಿಲ್ಲ. ಅವರ ಹಣ ಬೇಕಿತ್ತು, ಪಂಕ್ತಿಯಲ್ಲಿ ಅವರು ಬೇಡವಾಗಿದ್ದರು.

ಇದನ್ನು ಪ್ರಶ್ನಿಸಿದವರು ನಿಮಗಿಂತ ಕೆಲವೇ ವರ್ಷ ದೊಡ್ಡವರಾದ ಕಾಲೇಜು ವಿದ್ಯಾರ್ಥಿಗಳು. 1960ರ ಮಾರ್ಚ್‌ನಲ್ಲಿ ಅವರು ತಮ್ಮ ಹಕ್ಕುಗಳ ಮನವಿಯನ್ನು ಪತ್ರಿಕೆಗಳಲ್ಲಿ ಜಾಹೀರಾತಾಗಿ ಪ್ರಕಟಿಸಿದರು. ಲಾನಿ ಕಿಂಗ್, ಜೂಲಿಯನ್ ಬಾಂಡ್ ಅವರ ಮುಂದಾಳುಗಳು. ರಿಚ್ಸ್‌ನ ಖಾತೆಗಳನ್ನು ಮುಚ್ಚಿಬಿಡಿ ಎಂದು ತಮ್ಮ ಜನರಿಗೆ ಕರೆ ಕೊಟ್ಟರು. ನಗರದ ಅತಿ ದೊಡ್ಡ ಅಂಗಡಿ ಬದಲಾದರೆ ಉಳಿದವೂ ಬದಲಾಗುತ್ತವೆ ಎಂಬುದು ಅವರ ಲೆಕ್ಕಾಚಾರ. ಅಕ್ಟೋಬರ್ 19ರಂದು ಅಲ್ಲಿ ಶಾಂತಿಯುತ ಧರಣಿ ಕುಳಿತರು. ಅವರೊಂದಿಗೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಂಧನಕ್ಕೊಳಗಾದರು.

ಕಪ್ಪು ಗ್ರಾಹಕರು ಪೇಟೆಯಿಂದ ದೂರ ಉಳಿದರು. ವ್ಯಾಪಾರಕ್ಕೆ ಪೆಟ್ಟು ಬಿತ್ತು. 1961ರ ಮಾರ್ಚ್‌ನಲ್ಲಿ ವರ್ತಕರು ಒಪ್ಪಂದಕ್ಕೆ ಬಂದರು; ಆದರೆ ಶಾಲೆಗಳು ಎಲ್ಲರಿಗೂ ತೆರೆದ ಮೇಲೆ ಎಂದು ಕೆಲವು ತಿಂಗಳು ಮುಂದೂಡಿದರು. ಈ ವಿಳಂಬಕ್ಕೆ ಹಲವು ವಿದ್ಯಾರ್ಥಿಗಳು ಸಿಟ್ಟಾದರು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಊಟದ ಮೇಜುಗಳು ಎಲ್ಲರಿಗೂ ತೆರೆದವು.

1976ರಲ್ಲಿ ರಿಚ್ಸ್ ದೊಡ್ಡ ಕಂಪನಿಯೊಂದರ ಪಾಲಾಯಿತು. 1991ರಲ್ಲಿ ನಗರ ಮಧ್ಯದ ಅಂಗಡಿ ಮುಚ್ಚಿತು. 2005ರಲ್ಲಿ ಹೆಸರೂ ಅಳಿಸಿಹೋಯಿತು. 1924ರ ಆ ಕಟ್ಟಡ ಇಂದು ಸರ್ಕಾರಿ ಕಚೇರಿಗಳ ಸಂಕೀರ್ಣದ ಭಾಗ.

ಈ ಕಥೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ಕೆಲವರಿಗಷ್ಟೇ ಸಿಗುವ ಗೌರವ ಪೂರ್ಣ ಗುಡ್‌ವಿಲ್ ಅಲ್ಲ. ಅಂಗಡಿಗೆ ಅದನ್ನು ಮನವರಿಕೆ ಮಾಡಿಸಿದ್ದು ತಾಳ್ಮೆಯಿಂದ ಕುಳಿತ ವಿದ್ಯಾರ್ಥಿಗಳು.

ನಿಮಗೊಂದು ಚಟುವಟಿಕೆ: ನಿಮ್ಮ ಊರಿನ ಅತಿ ಹಳೆಯ ಅಂಗಡಿ ಅಥವಾ ಹೋಟೆಲಿನ ಬಗ್ಗೆ ಮನೆಯ ಹಿರಿಯರನ್ನು ಕೇಳಿ. ಯಾವಾಗ ಶುರುವಾಯಿತು, ಏನು ಮಾರುತ್ತಿತ್ತು ಎಂದಷ್ಟೇ ಅಲ್ಲ. ಅಲ್ಲಿ ಯಾರಿಗೆ ಒಳಗೆ ಕುರ್ಚಿ ಇತ್ತು, ಯಾರಿಗೆ ಹೊರಗೆ ಬೇರೆ ಲೋಟ ಇತ್ತು ಎಂದೂ ಕೇಳಿ. ಬರೆದು ತನ್ನಿ, ತರಗತಿಯಲ್ಲಿ ಓದೋಣ.