ಫ್ಲಾಪ್ ಶಸ್ತ್ರಚಿಕಿತ್ಸೆ: ಅರಿವಳಿಕೆಗೂ ರಕ್ತಸಂಚಾರಕ್ಕೂ ಏನು ಸಂಬಂಧ?

ಅಪಘಾತದಲ್ಲಿ ಕಾಲಿನ ಮಾಂಸ ಕಿತ್ತುಹೋಗಿ ಮೂಳೆ ಕಾಣುತ್ತಿರುವವರಿಗೆ, ಬಾಯಿಯ ಕ್ಯಾನ್ಸರ್‌ಗಾಗಿ ದವಡೆ ಅಥವಾ ಕೆನ್ನೆಯ ಭಾಗವನ್ನು ತೆಗೆಯಬೇಕಾದವರಿಗೆ, ಸುಟ್ಟಗಾಯದಿಂದ ಕೈ ಮುದುಡಿಕೊಂಡವರಿಗೆ ಪ್ಲಾಸ್ಟಿಕ್ ಸರ್ಜನ್‌ರವರು ‘ಫ್ಲಾಪ್’ ಹಾಕಬೇಕೆಂದು ಹೇಳುವುದುಂಟು. ಆಗ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕಾ ಡಾಕ್ಟ್ರೇ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋಕಾಗಲ್ವಾ?” ಈ ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಆದರೆ ಈ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಕೆಲಸ ನೋವು ತಿಳಿಯದಂತೆ ಮಾಡುವುದಷ್ಟೇ ಅಲ್ಲ. ಹೊಸ ಜಾಗದಲ್ಲಿ ಇಟ್ಟ ಅಂಗಾಂಶಕ್ಕೆ ರಕ್ತ ಎಷ್ಟು ಹರಿಯುತ್ತದೆ ಎಂಬುದರ ಮೇಲೂ ಅದರ ಪ್ರಭಾವವಿದೆ.

ಫ್ಲಾಪ್ ಎಂದರೇನು?

ಚರ್ಮದ ಕಸಿಯಲ್ಲಿ ತೆಳುವಾದ ಚರ್ಮದ ಪದರವನ್ನು ಮಾತ್ರ ತೆಗೆದು ಗಾಯದ ಮೇಲೆ ಹಾಸುತ್ತಾರೆ. ಅದು ಕೆಳಗಿನ ಗಾಯದಿಂದಲೇ ಪೋಷಣೆ ಪಡೆಯುತ್ತದೆ. ಫ್ಲಾಪ್ ಹಾಗಲ್ಲ. ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯು ಅಥವಾ ಮೂಳೆಯನ್ನೂ ಅದರದೇ ರಕ್ತನಾಳಗಳ ಸಮೇತ ತರುವ ಜೀವಂತ ತೇಪೆ ಅದು. ಆ ನಾಳಗಳಲ್ಲಿ ರಕ್ತ ನಿಂತರೆ ತೇಪೆ ಸಾಯುತ್ತದೆ.

ಈ ವಿದ್ಯೆಗೂ ನಮ್ಮ ಮೈಸೂರು ಸೀಮೆಗೂ ಹಳೆಯ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿಯ ಕುಂಬಾರ ವೈದ್ಯರೊಬ್ಬರು ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಮೇತ ಪ್ರಕಟಿಸಿತು. ಹಣೆಯ ಚರ್ಮವನ್ನು ಪೂರ್ತಿ ಬೇರ್ಪಡಿಸದೆ, ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ರಕ್ತಸಂಚಾರಕ್ಕಾಗಿ ಉಳಿಸಿ, ಸುಮಾರು 25ನೇ ದಿನ ಅದನ್ನು ಕತ್ತರಿಸುತ್ತಿದ್ದರೆಂದು ಆ ವರದಿಯಲ್ಲಿದೆ. ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯನ್ನು ಎಲ್ಲರೆದುರು ಕೊಟ್ಟು ತೋರಿಸಿದ್ದು 1846ರಲ್ಲಿ. ಅಂದರೆ ಕಾವಸ್‌ಜಿಯ ಕಾಲದಲ್ಲಿ ಇಂದಿನ ಅರಿವಳಿಕೆಯೇ ಇರಲಿಲ್ಲ.

ಬುಡ ಉಳಿಸಿಕೊಂಡ ಇಂಥ ಫ್ಲಾಪ್‌ಗಳನ್ನು ಇಂದಿಗೂ ಮಾಡುತ್ತಾರೆ. 1973ರಿಂದೀಚೆಗೆ ‘ಫ್ರೀ ಫ್ಲಾಪ್’ ಕೂಡ ಬಳಕೆಗೆ ಬಂದಿತು. ಇದರಲ್ಲಿ ತೊಡೆಯ ಅಥವಾ ಮುಂಗೈಯ ಅಂಗಾಂಶವನ್ನು ಪೂರ್ತಿ ಕತ್ತರಿಸಿ ತೆಗೆದು, ಕೆನ್ನೆಯಲ್ಲೋ ಕಾಲಿನಲ್ಲೋ ಇಟ್ಟು, 1ರಿಂದ 3 ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿಯುತ್ತಾರೆ.

ಟ್ಯಾಂಕು ಮತ್ತು ಪೈಪಿನ ಲೆಕ್ಕ

ಜಯಲಕ್ಷ್ಮಿಪುರಂನ ಮನೆಗಳ ತಾರಸಿಯ ಮೇಲಿರುವ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ನಲ್ಲಿಯಲ್ಲಿ ನೀರು ಚೆನ್ನಾಗಿ ಬರಬೇಕಾದರೆ ಒತ್ತಡ ಬೇಕು, ಪೈಪು ಅಗಲವಾಗಿರಬೇಕು. ಇದರಲ್ಲಿ ಪೈಪಿನ ಅಗಲಕ್ಕೇ ಹೆಚ್ಚು ಬೆಲೆ. ಒತ್ತಡ ಅಷ್ಟೇ ಇದ್ದು ಸಣ್ಣ ನಾಳದ ಒಳಅಗಲ ಅರ್ಧವಾದರೆ, ಹರಿವು ಅರ್ಧವಾಗುವುದಿಲ್ಲ. 16ರಲ್ಲಿ 1 ಭಾಗಕ್ಕೆ ಇಳಿಯುತ್ತದೆ. ಚಳಿ, ನೋವು, ಭಯ, ತಂಬಾಕು ಇವೆಲ್ಲವೂ ರಕ್ತನಾಳವನ್ನು ಬಿಗಿಗೊಳಿಸುತ್ತವೆ. ಅರಿವಳಿಕೆ ತಜ್ಞರು ಬಿಸಿ ಹೊದಿಕೆ ಹೊದಿಸುವುದೂ, ಬೆಚ್ಚಗೆ ಮಾಡಿದ ಸಲೈನ್ ಕೊಡುವುದೂ ಇದಕ್ಕಾಗಿಯೇ.

ಹಾಗಾದರೆ ಯಾವ ಅರಿವಳಿಕೆ ಒಳ್ಳೆಯದು?

ಪೂರ್ಣ ಅರಿವಳಿಕೆಯಲ್ಲಿ ರೋಗಿ ನಿದ್ರೆಯಲ್ಲಿರುತ್ತಾರೆ, ಉಸಿರಾಟವನ್ನು ಯಂತ್ರ ನೋಡಿಕೊಳ್ಳುತ್ತದೆ. ಫ್ರೀ ಫ್ಲಾಪ್‌ಗೆ 6ರಿಂದ 10 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಎಚ್ಚರವಾಗಿದ್ದು ಅಲುಗಾಡದೆ ಮಲಗುವುದು ಯಾರಿಂದಲೂ ಆಗದ ಮಾತು. ಬೆನ್ನಿಗೆ ಒಮ್ಮೆ ಕೊಟ್ಟ ಇಂಜೆಕ್ಷನ್ನಿನ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ; ಮುಖ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ಅದು ಉಪಯೋಗಕ್ಕೂ ಬಾರದು. ಪೂರ್ಣ ಅರಿವಳಿಕೆಯ ಔಷಧಗಳು ರಕ್ತದೊತ್ತಡವನ್ನು ಇಳಿಸುತ್ತವೆ, ನಿಜ. ಅದನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸಲು ತಜ್ಞರು ಪಕ್ಕದಲ್ಲೇ ಇರುತ್ತಾರೆ. ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್ ಆಗಲಿ, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಆಗಲಿ, ಇಂಥದ್ದೇ ಕೊಟ್ಟರೆ ಫ್ಲಾಪ್ ಉಳಿಯುತ್ತದೆ ಎಂದು ಖಚಿತವಾಗಿ ಸಿದ್ಧವಾಗಿಲ್ಲ.

ಕೈಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಬುಡದಲ್ಲಿ ಅಥವಾ ಕಂಕುಳಲ್ಲಿ ನರಗಳ ಸುತ್ತ ಔಷಧ ಕೊಡುವ ‘ನರ್ವ್ ಬ್ಲಾಕ್’ ತುಂಬ ಉಪಯುಕ್ತ. ನೋವಿನ ನರಗಳ ಜೊತೆಗೆ ರಕ್ತನಾಳವನ್ನು ಬಿಗಿಗೊಳಿಸುವ ನರಗಳೂ ಸುಮ್ಮನಾಗುತ್ತವೆ. ನಾಳಗಳು ಹಿಗ್ಗಿ ಕೈ ಬೆಚ್ಚಗಾಗುತ್ತದೆ. ಹಲವರಿಗೆ ಪೂರ್ಣ ಅರಿವಳಿಕೆ ಮತ್ತು ಬ್ಲಾಕ್ ಎರಡನ್ನೂ ಕೂಡಿಸಿ ಕೊಡುತ್ತಾರೆ.

ಕಾಲಿಗೆ ಬೆನ್ನಿನ ಮೂಲಕ ಕೊಡುವ ಎಪಿಡ್ಯೂರಲ್ ಕೂಡ ಹೀಗೆಯೇ ನಾಳಗಳನ್ನು ಹಿಗ್ಗಿಸುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಫ್ರೀ ಫ್ಲಾಪ್ ತೆಗೆಯುವಾಗ ಅದರ ನರಗಳು ಕತ್ತರಿಸಿಹೋಗಿರುತ್ತವೆ. ಹಾಗಾಗಿ ಎಪಿಡ್ಯೂರಲ್‌ನಿಂದ ಅದರೊಳಗಿನ ನಾಳಗಳು ಹೆಚ್ಚಾಗಿ ಹಿಗ್ಗುವುದಿಲ್ಲ. ಸುತ್ತಲಿನ ಆರೋಗ್ಯವಂತ ನಾಳಗಳು ಮಾತ್ರ ಹಿಗ್ಗುತ್ತವೆ. ಕೆಳಮನೆಯವರು ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದರೆ ಮಹಡಿ ಮನೆಯ ನಲ್ಲಿ ಸಣ್ಣಗಾಗುವುದಿಲ್ಲವೆ? ರಕ್ತದೊತ್ತಡವನ್ನು ಕಾಯ್ದುಕೊಳ್ಳದಿದ್ದರೆ ಫ್ಲಾಪ್‌ಗೂ ಹಾಗೆಯೇ ರಕ್ತ ಕಡಿಮೆಯಾಗಬಹುದು. “ಬೆನ್ನಿನ ಇಂಜೆಕ್ಷನ್ ಅಂದರೆ ಅಪಾಯ ಕಡಿಮೆ” ಎಂಬ ಮಾತು ಆದ್ದರಿಂದ ಎಲ್ಲ ಕಡೆಗೂ ಹೊಂದುವುದಿಲ್ಲ. ಶಸ್ತ್ರಚಿಕಿತ್ಸೆಯ ಜಾಗ, ರೋಗಿಯ ಹೃದಯ, ಶ್ವಾಸಕೋಶ, ಸೇವಿಸುತ್ತಿರುವ ಮಾತ್ರೆಗಳು, ಎಲ್ಲವನ್ನೂ ನೋಡಿ ತಜ್ಞರು ತೀರ್ಮಾನಿಸುತ್ತಾರೆ.

ನೀವು ಮಾಡಬೇಕಾದದ್ದು

ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಯಾವುದನ್ನು ಬಳಸುತ್ತಿದ್ದರೂ ಮುಚ್ಚಿಡಬೇಡಿ. ಬೈಯಲಿಕ್ಕಲ್ಲ ಕೇಳುವುದು. ನಿಕೋಟಿನ್ ನಾಳಗಳನ್ನು ಬಿಗಿಗೊಳಿಸುತ್ತದೆ; ಸಮಯವಿದ್ದರೆ ಕನಿಷ್ಠ 4 ವಾರ ಮೊದಲೇ ಬಿಡಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ “ಪಾಪ, ಒಂದು ಬೀಡಿ ತಾನೆ” ಎಂದು ಕನಿಕರದಿಂದ ತಂದುಕೊಡುವ ಬಂಧುಗಳೂ ಇದ್ದಾರೆ. ದಯವಿಟ್ಟು ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧ, ಹಿಂದೆ ಅರಿವಳಿಕೆ ಪಡೆದಾಗ ಆದ ತೊಂದರೆ, ಅಲುಗಾಡುವ ಹಲ್ಲು ಇವನ್ನೂ ಮೊದಲೇ ತಿಳಿಸಿ. ಹೊಟ್ಟೆ ಖಾಲಿ ಇಡಲು ಹೇಳಿದ ಸಮಯವನ್ನು ತಪ್ಪಬೇಡಿ.

ಶಸ್ತ್ರಚಿಕಿತ್ಸೆಯಾದ ಮೇಲೂ ನೋವನ್ನು ಹಲ್ಲುಕಚ್ಚಿ ಸಹಿಸುವ ಅಗತ್ಯವಿಲ್ಲ. ನೋವೂ ನಾಳವನ್ನು ಬಿಗಿಗೊಳಿಸುತ್ತದೆ, ಸಿಸ್ಟರ್‌ಗೆ ಹೇಳಿ. ಬ್ಲಾಕ್ ಕೊಟ್ಟ ಕೈ ಹಲವು ಗಂಟೆ ಮರಗಟ್ಟಿರುತ್ತದೆ. ಕೈ ಹೋಯಿತೆಂದು ಗಾಬರಿಯಾಗಬೇಡಿ. ಮರಗಟ್ಟಿದ ಕೈಗಾಗಲಿ ಫ್ಲಾಪ್‌ಗಾಗಲಿ ಬಿಸಿನೀರಿನ ಬಾಟಲು ಇಡಬೇಡಿ; ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಫ್ಲಾಪ್ ಮೇಲೆ ಅರಿಶಿನ, ಎಣ್ಣೆ, ವಿಭೂತಿ ಯಾವುದನ್ನೂ ಹಚ್ಚಬೇಡಿ, ಅದರ ಬಣ್ಣ ಕಾಣುತ್ತಿರಬೇಕು.

ಮೊದಲ 2–3 ದಿನ ಸಿಸ್ಟರ್ ರಾತ್ರಿಯಲ್ಲೂ ಪದೇ ಪದೇ ಬಂದು, ದೀಪ ಹಾಕಿ, ಫ್ಲಾಪನ್ನು ಮುಟ್ಟಿ ನೋಡುತ್ತಾರೆ. ನಿದ್ದೆ ಕೆಡುತ್ತದೆಂದು ತಡೆಯಬೇಡಿ. ಫ್ಲಾಪ್ ಬಿಳಚಿಕೊಂಡು ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ ಊದಿಕೊಂಡರೆ ಹೊರಗೆ ಹೋಗುತ್ತಿಲ್ಲ ಎಂದು ಸಂಶಯಪಡಬೇಕು. ಹಾಗೆ ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ, ಆ ಕ್ಷಣವೇ ಕರೆಯಿರಿ. ಬೇಗ ತಿಳಿದರೆ ರೋಗಿಯನ್ನು ಮತ್ತೆ ಥಿಯೇಟರ್‌ಗೆ ಕರೆದೊಯ್ದು ನಾಳವನ್ನು ಸರಿಪಡಿಸಿ ಫ್ಲಾಪನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ.